ಹೆಜ್ಜೆ ಹಿಡಿಯುವ ಬಳ್ಳಿ

ಚೆನ್ನವೀರನೆಂಬ ಶಿಷ್ಯ ಗುರುಗಳನ್ನು ಕೇಳಿದ: “ನಮ್ಮವರಿಗೆ ಏನಾದೀತೋ ಎಂದು ಹೆದರುವುದೂ ಪ್ರೀತಿಯೇ ಅಲ್ಲವೇ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಅಕ್ಕ ತಂಗಿ ಇದ್ದರು. ಅಕ್ಕ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ತಂಗಿ ಸ್ಕೂಟರಿನಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದಳು. ಅಂದಿನಿಂದ ಅಕ್ಕನಿಗೆ ಎಲ್ಲವೂ ಅಪಾಯವಾಗಿ ಕಂಡಿತು. ಗಾಳಿಗೆ ಕಿಟಕಿ ಬಡಿದರೂ ಅವಳು ಬೆಚ್ಚಿಬೀಳುತ್ತಿದ್ದಳು. ತಂಗಿಯನ್ನು ಗಾಲಿಕುರ್ಚಿಯಲ್ಲಿ ಬೀದಿಯವರೆಗೆ ಕರೆದೊಯ್ಯುತ್ತೇವೆಂದು ನೆರೆಯವರು ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಿಬಿಡುತ್ತಿದ್ದಳು.

ತಂಗಿಯ ಹೊತ್ತು ಹೋಗಲೆಂದು ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿಕೊಟ್ಟಳು. ಆ ಆಟದಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ. ಮೊದಲಿಗೆ ಬರೀ ಮರಳು. ನೀರು, ಗಿಡ, ಪ್ರಾಣಿ ಎಲ್ಲವನ್ನೂ ಆಡುವವರೇ ತಂದಿಡಬೇಕು. ಯಾವ ಗಿಡ ಹೇಗೆ ನಡೆದುಕೊಳ್ಳಬೇಕೆಂದೂ ಅವರೇ ಗೊತ್ತುಮಾಡಬಹುದು. ತಂಗಿ ಅಲ್ಲಿ ಒಂದು ತೋಟ ಮಾಡಿದಳು. ಆಟದೊಳಗಿನ ತನ್ನ ಆಕೃತಿಯ ಕಾಲಲ್ಲಿ ದಿನವೆಲ್ಲ ಅದರಲ್ಲಿ ನಡೆದಾಡಿದಳು.

ಆ ಲೋಕಕ್ಕೆ ಬೇರೆಯವರೂ ಬರಬಹುದಿತ್ತು. ಒಂದು ದಿನ ಯಾರೋ ಬಂದು ತೋಟದ ಒಂದು ಮೂಲೆಗೆ ಬೆಂಕಿಯಿಟ್ಟು ಹೋದರು. ತಂಗಿ ಅತ್ತು, ಮತ್ತೆ ಗಿಡ ನೆಟ್ಟಳು. ಅಕ್ಕನಿಗೆ ಮಾತ್ರ ನಿದ್ದೆ ಹತ್ತಲಿಲ್ಲ.

ಅಕ್ಕ ಹಜಾರದಲ್ಲಿದ್ದ ತನ್ನ ಕಂಪ್ಯೂಟರಿನಲ್ಲಿ ಅದೇ ಲೋಕವನ್ನು ತೆರೆದು ಪ್ರಯೋಗಕ್ಕೆ ಕುಳಿತಳು. ಮುಟ್ಟಿದರೆ ಮುಚ್ಚಿಕೊಳ್ಳುವ ಬಳ್ಳಿ ಮಾಡಿದಳು. ಮುಟ್ಟುವ ತನಕ ಕಾದರೆ ತಡವಾಯಿತೆಂದು ಅದನ್ನು ಕಿತ್ತಳು. ಬಿಸಿಯ ಕಡೆಗೆ ಬೆಳೆಯುವುದನ್ನು ಮಾಡಿದಳು. ಅದು ಬಿಸಿಲಿಗೇ ಬೆಳೆದು ಒಣಗಿತು. ಕೊನೆಗೆ ನೆಲದ ಮೇಲಿನ ಹೆಜ್ಜೆಯನ್ನು ಅರಿಯುವ ಮುಳ್ಳುಬಳ್ಳಿಯೊಂದನ್ನು ಮಾಡಿದಳು. ಹೆಜ್ಜೆ ಎಲ್ಲಿ ಬಿದ್ದರೆ ಅಲ್ಲಿಗೆ ಅದು ಹಬ್ಬುತ್ತಿತ್ತು. ತೋಟದ ಸುತ್ತ ಅದನ್ನು ಬೇಲಿಯಾಗಿ ನೆಟ್ಟು, ಹೊರಗೆ ಒಂದು ಕುರಿಯನ್ನು ಬಿಟ್ಟಳು. ಮುಳ್ಳು ಕುರಿಯನ್ನು ಸುತ್ತಿತು. ಸ್ವಲ್ಪ ಹೊತ್ತು ಕೂಗು ಕೇಳಿಸಿತು, ಆಮೇಲೆ ನಿಂತಿತು. ಅಕ್ಕನಿಗೆ ಅಂದು ಚೆನ್ನಾಗಿ ನಿದ್ದೆ ಬಂತು.

ಆಮೇಲೆ ಆ ಕಡೆಗೆ ಯಾರೂ ಸುಳಿಯಲಿಲ್ಲ. ಹೊರಗೆ ಹೆಜ್ಜೆಯೇ ಇಲ್ಲವಾಯಿತು. ಒಳಗೆ ತಂಗಿಯೊಬ್ಬಳೇ ನಡೆಯುತ್ತಿದ್ದಳು.

ಒಂದು ಸಂಜೆ ಒಳಕೋಣೆಯಿಂದ ತಂಗಿ ಕೂಗಿದಳು: “ಅಕ್ಕಾ, ಬೇಲಿ ಹತ್ತಿರ ಬರ್ತಾ ಇದೆ!”

ಅಕ್ಕ ತನ್ನ ಪರದೆಯಲ್ಲಿ ನೋಡಿದಳು. ಮುಳ್ಳು ತೋಟವನ್ನೆಲ್ಲ ನುಂಗಿ ತಂಗಿಯ ಸುತ್ತ ಬಾವಿಯಂತೆ ಎದ್ದಿತ್ತು. ಬಳ್ಳಿಯ ಗುಣವನ್ನು ಬದಲಿಸಲು ನೋಡಿದಳು. ಬದಲಾವಣೆ ಹೊಸ ಬೀಜಕ್ಕಷ್ಟೇ ತಗಲಿತು, ಬೆಳೆದ ಬಳ್ಳಿಗೆ ತಗಲಲಿಲ್ಲ.

“ಅಲುಗಾಡಬೇಡ! ನಿಂತಲ್ಲೇ ನಿಂತಿರು!” ಎಂದು ಕಿರುಚಿದಳು.

“ಮಂಚದ ಮೇಲೂ ಅದನ್ನೇ ಹೇಳ್ತೀಯ, ಇಲ್ಲೂ ಅದನ್ನೇ ಹೇಳ್ತೀಯ. ನಾನು ಎಲ್ಲಿ ನಡೀಲಿ ಅಕ್ಕಾ?”

ಅಕ್ಕ ಆಟದೊಳಗಿನ ತನ್ನ ಆಕೃತಿಯನ್ನು ಬೇಲಿಯ ಹೊರಗೆ ತಂದು ಓಡಿಸತೊಡಗಿದಳು. ಎಲ್ಲೆಲ್ಲೂ ಹೆಜ್ಜೆ ಬೀಳುವಂತೆ ಅತ್ತಿಂದಿತ್ತ ಓಡಿಸಿದಳು. ಮುಳ್ಳು ಒಮ್ಮೆ ತಡೆದು ನಿಂತು, ಆಮೇಲೆ ಅವಳ ಕಡೆಗೆ ತಿರುಗಿತು. ಒಳಗಡೆ ಒಂದು ಸಂದಿ ಬಿಟ್ಟಿತು.

“ಈಗ ಓಡು!” ಎಂದಳು.

ಮುಳ್ಳು ಅಕ್ಕನ ಆಕೃತಿಯ ಕಾಲನ್ನು ಹಿಡಿಯಿತು, ಎದೆಯನ್ನು ಸುತ್ತಿತು. ಪರದೆ ಕಪ್ಪಾಯಿತು. ಒಳಕೋಣೆಯಿಂದ ಸದ್ದಿಲ್ಲ. ಎದ್ದು ಹೋಗಿ ನೋಡಲು ಅವಳಿಗೆ ಕಾಲೇ ಬರಲಿಲ್ಲ. ಅದು ಆಟವೆಂಬುದು ಆ ಗಳಿಗೆಯಲ್ಲಿ ಅವಳಿಗೆ ಮರೆತೇಹೋಗಿತ್ತು.

ಬಹಳ ಹೊತ್ತಿನ ಮೇಲೆ ತಂಗಿಯ ದನಿ ಕೇಳಿಸಿತು. “ಅಕ್ಕಾ, ಇಲ್ಲೊಂದು ಹೊಳೆ ಇದೆ. ಆಚೆ ದಡದಲ್ಲಿ ಯಾರೋ ನಿಂತಿದ್ದಾರೆ. ನನ್ನನ್ನ ನೋಡಿ ಕೈ ಬೀಸ್ತಿದ್ದಾರೆ.”

ಹೋಗಬೇಡ ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ಕತ್ತಲಾದ ಪರದೆಯ ಮುಂದೆ ಕುಳಿತೇ ಇದ್ದಳು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಚೆನ್ನವೀರ ತಾಳಲಾರದೆ ಕೇಳಿದ: “ಆಮೇಲಾದರೂ ಆ ಅಕ್ಕನ ಹೆದರಿಕೆ ಹೋಯಿತೇ?”

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: “ಮುಳ್ಳಿನ ನಡುವೆ ನಿಂತವಳಿಗೆ ಎಷ್ಟು ಹೆದರಿಕೆಯಾಗಿತ್ತೆಂದು ನೀನೂ ಕೇಳಲಿಲ್ಲ.”