ಮೊದಲ ಪೀಸು ಮಾಲೀಕರದು

ಕಬ್ಬಿಣ ಕಡೆಯುವ ಹಳೇ ಲೇತುಗಳನ್ನು ರಿಪೇರಿ ಮಾಡಿ ಹೊಸ ಕಂಟ್ರೋಲ್ ಕೂರಿಸಿ ಕೊಡುವುದು ಪೀಣ್ಯದ ವನಜಾಕ್ಷಿಯ ಕಸುಬು. ಭದ್ರೇಗೌಡರ ಕಾರ್ಖಾನೆಯ ಲೇತು ಹಿಂದೊಮ್ಮೆ ಕೆಲಸಗಾರನೊಬ್ಬನ ಕೈ ನುಂಗಿತ್ತು. ಅದರ ಹತ್ತಿರ ಈಗಲೂ ಯಾರೂ ಒಬ್ಬರೇ ನಿಲ್ಲುತ್ತಿರಲಿಲ್ಲ. ಅದಕ್ಕೇ ಅವಳು ಮೆಷಿನ್ನಿನ ಬಾಗಿಲು ತೆರೆದೊಡನೆ ಅದು ನಿಲ್ಲುವಂತೆ ಸ್ವಿಚ್ ಇಟ್ಟಳು.

"ಆ ಸ್ವಿಚ್ ಕಿತ್ತುಹಾಕಮ್ಮ," ಗೌಡರು ಗುಡುಗಿದರು. "ಸುಮ್ನೆ ಟೈಮ್ ವೇಸ್ಟು. ಆಗಲ್ಲಾಂದ್ರೆ ಬೇರೆಯವರನ್ನ ಕರೆಸ್ತೀನಿ."

ಬೇರೆಯವರು ಬಂದರೆ ಕಿತ್ತೇ ಹಾಕುತ್ತಾರೆ. ವನಜಾಕ್ಷಿ ಮೆಷಿನ್ನಿನ ಹಿಂದಕ್ಕೆ ಹೋಗಿ ಬಂದಳು.

"ಕಿತ್ತಾಯ್ತು ಸಾರ್. ಆದ್ರೆ ನಮ್ಮಲ್ಲೊಂದು ಪದ್ಧತಿ. ಮೊದಲ ಪೀಸು ಮಾಲೀಕರೇ ಹಾಕ್ಬೇಕು. ಕೈ ಒಳಗಿಡಿ."

ಕೆಲಸಗಾರರೆಲ್ಲ ಸುತ್ತ ನಿಂತರು. ಗೌಡರು ಮೀಸೆ ತಿರುವಿ ಕೈ ಚಾಚಿದರು. ಪೀಸು ಹಿಡಿಯುವ ಕಬ್ಬಿಣದ ಚಕ್ಕು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ, ಸದ್ದಿಲ್ಲದೆ ಅರ್ಧ ಸುತ್ತು ತಿರುಗಿ ನಿಂತಿತು.

ಗೌಡರ ಮುಖ ಬಿಳಿಚಿಕೊಂಡಿತು. "ಆ ಸ್ವಿಚ್ ವಾಪಸ್ ಹಾಕ್ಬಿಡು ತಾಯಿ, ಹಾಕ್ಬಿಡು!"

ಅವಳು ಹಾಕಿ ಹೊರಟಾಗ ಮೆಲ್ಲಗೆ ಕೇಳಿದರು: "ಅದನ್ನ ಹೆಂಗಮ್ಮ ತಿರುಗಿಸ್ದೆ?"

ವನಜಾಕ್ಷಿ ನಕ್ಕು, ಬೇಗಬೇಗ ಗೇಟು ದಾಟಿದಳು. ಎಂಥವರ ಕೈಯಾದರೂ ಕೈಯೇ ಅಲ್ಲವೇ ಎಂದು ಅವಳು ಮೆಷಿನ್ನಿನ ಹಿಂದಕ್ಕೆ ಹೋದಾಗಲೇ ಅದರ ಕರೆಂಟ್ ತೆಗೆದಿದ್ದಳು.