ತಂತಿ ಬಿಗಿದ ಒಲೆ

ಹೊಳೆಯ ದಂಡೆಗೆ ಒಂದು ಆಶ್ರಮವಿತ್ತು. ಅಲ್ಲಿದ್ದ ಗುರುಗಳನ್ನು ಜನ ಅಜ್ಜಾರು ಅನ್ನುತ್ತಿದ್ದರು. ಅವರ ಹತ್ತಿರ ಅಡಿವೆಪ್ಪ ಎಂಬ ಶಿಷ್ಯನಿದ್ದ.

ಜಪಕ್ಕೆ ಕೂತರೆ ಅಡಿವೆಪ್ಪನಿಗೆ ನಿದ್ದೆ. ಅದಕ್ಕೊಂದು ಉಪಾಯ ಹುಡುಕಿದ್ದ. ಜುಟ್ಟಿಗೆ ದಾರ ಕಟ್ಟಿ, ದಾರವನ್ನು ಗೋಡೆಯ ಮೊಳೆಗೆ ಬಿಗಿಯುತ್ತಿದ್ದ. ತಲೆ ವಾಲಿದರೆ ಜುಟ್ಟು ಜಗ್ಗಿ ಎಚ್ಚರವಾಗಬೇಕು.

ಅಜ್ಜಾರು ಒಮ್ಮೆ ನಿಂತು ನೋಡಿದರು. “ನಿನಗಿಂತ ಮೊದ್ಲ ಆ ಮೊಳಿಗೆ ಸಿದ್ಧಿ ಆಗ್ತೈತಿ ನೋಡಪಾ.”

“ಮತ್ತೇನ್ ಮಾಡ್ಲಿರಿ ಅಜ್ಜಾರ? ಬಿಟ್ಟರ ಮನಸು ಆರಿಹೋಗ್ತೈತಿ.”

“ಮೊದ್ಲ ಒಲಿ ನೋಡ್ಕೋ, ಬಾ.”

ಹೀಗೆ ದಾಸೋಹದ ದೊಡ್ಡ ಗ್ಯಾಸ್ ಒಲೆ ಅವನ ಪಾಲಿಗೆ ಬಂತು. ಹಚ್ಚುವ ರೀತಿಯನ್ನು ಅಜ್ಜಾರೇ ತೋರಿಸಿದರು. ಗುಂಡಿ ಒತ್ತಿ ಬೆಂಕಿ ಹಚ್ಚಬೇಕು. ಉರಿಯ ಪಕ್ಕದಲ್ಲಿರುವ ತಾಮ್ರದ ಮೊನೆ ಕಾಯುವ ತನಕ ಗುಂಡಿ ಒತ್ತಿಯೇ ಹಿಡಿಯಬೇಕು. ಕಾದ ಮೇಲೆ ಕೈ ಬಿಟ್ಟರೂ ಉರಿ ಉಳಿಯುತ್ತದೆ. ಉರಿ ಆರಿ ಮೊನೆ ತಣ್ಣಗಾದರೆ ಗ್ಯಾಸು ತಾನಾಗಿಯೇ ನಿಂತುಹೋಗುತ್ತದೆ.

“ಬುಡದಾಗ ಗಾಳಿ ಕಿಂಡಿ ಐತಿ. ಉರಿ ನೀಲಿ ಆಗೂವಷ್ಟು ತೆರೆದಿಡು” ಅಂದರು.

ಒಲೆ ಭರ್ರೆಂದು ಉರಿಯಿತು. ಗಂಜಿ ಬೇಯುವಷ್ಟರಲ್ಲಿ ನಾಲ್ಕು ಸುತ್ತು ಜಪ ಮಾಡೋಣವೆಂದರೆ ಈ ಸದ್ದು. ಅಡಿವೆಪ್ಪ ಗಾಳಿಯ ಕಿಂಡಿಯನ್ನು ಪೂರ್ತಿ ಮುಚ್ಚಿಬಿಟ್ಟ.

ಸದ್ದು ಅಡಗಿತು. ಉರಿ ಹಳದಿಯಾಗಿ, ಸೋಮಾರಿಯ ಹಾಗೆ ಅತ್ತಿತ್ತ ತೂಗಾಡಿತು. ಕೊಪ್ಪರಿಗೆಯ ತಳ ಮಸಿ ಹಿಡಿಯಿತು. ತೂಗಾಡುವ ಉರಿ ತಾಮ್ರದ ಮೊನೆಗೆ ತಾಗಲೇ ಇಲ್ಲ. ಹೀಗಾಗಿ ಗುಂಡಿಯಿಂದ ಕೈ ತೆಗೆದರೆ ಸಾಕು, ಒಲೆ ಆರುತ್ತಿತ್ತು. ಹಚ್ಚಿದ, ಆರಿತು. ಮತ್ತೆ ಹಚ್ಚಿದ, ಮತ್ತೆ ಆರಿತು.

“ಇದಕ್ಕೂ ನನ್ನ ರೋಗನ ಬಂದೈತಿ” ಅಂದುಕೊಂಡ. ಎಲ್ಲಿಂದಲೋ ಒಂದು ತಂತಿ ತಂದ. ಗುಂಡಿ ಒತ್ತಿ, ಅದು ಮೇಲೇಳದ ಹಾಗೆ ತಂತಿ ಸುತ್ತಿ ಬಿಗಿದ.

ಒಲೆ ಆರಲಿಲ್ಲ. ಅಡಿವೆಪ್ಪ ಮೂಲೆಯಲ್ಲಿ ಕೂತು ಕಣ್ಣು ಮುಚ್ಚಿದ. ಅಡುಗೆಮನೆಯ ಗೋಡೆಗೆ ಮೊಳೆ ಇರಲಿಲ್ಲ.

ಗಂಜಿ ಉಕ್ಕಿ ಒಲೆಯ ಮೇಲೆ ಸುರಿದದ್ದು ಅವನಿಗೆ ತಿಳಿಯಲೇ ಇಲ್ಲ. ಕಣ್ಣು ಬಿಟ್ಟಾಗ ಉರಿ ಇರಲಿಲ್ಲ, ಗ್ಯಾಸಿನ ಬುಸ್ಸೆನ್ನುವ ಸದ್ದಿತ್ತು. ಪಕ್ಕದ ಪಡಸಾಲೆಯಲ್ಲಿ ಜನ ಆಗಲೇ ಊಟಕ್ಕೆ ಕೂತಿದ್ದರು. ತಡವಾಯಿತೆಂಬ ಗಾಬರಿಯಲ್ಲಿ ಬೆಂಕಿಪೊಟ್ಟಣ ತೆಗೆದ.

ಒಂದು ಕೈ ಬಂದು ಅವನ ಮಣಿಕಟ್ಟು ಹಿಡಿಯಿತು. ಅಜ್ಜಾರು.

“ಗೀರಬ್ಯಾಡ. ಲೈಟಿನ ಸ್ವಿಚ್ಚೂ ಮುಟ್ಟಬ್ಯಾಡ.”

ಅವರು ಸಿಲಿಂಡರ್ ಬಂದ್ ಮಾಡಿದರು, ಬಾಗಿಲು ಕಿಟಕಿ ತೆರೆದರು. ಪಡಸಾಲೆಗೆ ಹೋಗಿ, “ಏಳ್ರಿ, ಎಲ್ಲಾರೂ ಹೊಳಿ ಕಡೆ ಹೋಗೂಣು” ಅಂದರು.

“ಹೊಳಿ ನೀರು ಕುಡಿಸಿ ಕಳಸ್ತೀರೇನ್ರಿ ಅಜ್ಜಾರ?” ಅಂತ ಒಬ್ಬ ಮುದುಕಿ ಕೇಳಿದಳು.

“ಗಂಜಿನೂ ಬರ್ತೈತಿ ಯವ್ವಾ. ಮೊದ್ಲ ಏಳು.”

ಎಲ್ಲರೂ ದಂಡೆಗೆ ಬಂದು ಕೂತರು. ಮುದುಕಿಯ ಮುಖ ನೋಡಲು ಅಡಿವೆಪ್ಪನಿಗೆ ಧೈರ್ಯವಾಗಲಿಲ್ಲ.

“ಅಜ್ಜಾರ, ನನ್ನ ಹೊರಗ ಹಾಕ್ರಿ.”

“ಹೊರಗ ಅದೀವಲ್ಲೋ. ಉಸಿರು ತಗೋ.”

ಗ್ಯಾಸಿನ ವಾಸನೆಯ ಸುಳಿವೂ ಇಲ್ಲವೆಂದಾದ ಮೇಲೆ ಇಬ್ಬರೂ ಒಳಗೆ ಹೋದರು. ಅಜ್ಜಾರು ತಂತಿ ಬಿಚ್ಚಿದರು, ಗಂಜಿ ಒರೆಸಿ ಗಾಳಿಯ ಕಿಂಡಿ ತೆರೆದರು. ಸಿಲಿಂಡರ್ ಚಾಲೂ ಮಾಡಿ ಬೆಂಕಿಪೊಟ್ಟಣವನ್ನು ಅವನ ಕೈಗೇ ಕೊಟ್ಟರು.

ಅಡಿವೆಪ್ಪ ಗುಂಡಿ ಒತ್ತಿ ಹಚ್ಚಿದ. ಭರ್ರೆಂದು ನೀಲಿ ಉರಿ ಎದ್ದಿತು.

ಸ್ವಲ್ಪ ಹೊತ್ತಾದ ಮೇಲೆ ಅಜ್ಜಾರು, “ಇನ್ನ ಕೈ ಬಿಡು” ಅಂದರು.

“ಆರಿದ್ರ?”

“ಬಿಡು.”

ಬಿಟ್ಟ. ಉರಿ ಉಳಿಯಿತು. ಅಡಿವೆಪ್ಪನ ಎದೆಯೊಳಗಿನ ಕಲ್ಲೊಂದು ಇಳಿದಂತಾಯಿತು. ಬೆಳಿಗ್ಗೆ ಬೇಡವಾಗಿದ್ದ ಆ ಸದ್ದು ಈಗ ಕೇಳುತ್ತಲೇ ಇರಬೇಕು ಅನ್ನಿಸಿತು.

“ಆರಬಾರದಂತ ಕಟ್ಟಿದ್ದೆರಿ” ಅಂದ.

“ತಾನ ಆರಿ ನಿಲ್ಲೂ ಬುದ್ಧಿ ಅದಕ್ಕಿತ್ತು. ಅದನ್ನ ಕಟ್ಟಿದಿ.”

ಅಡಿವೆಪ್ಪನ ಕೈ ತಾನಾಗಿ ಜುಟ್ಟಿಗೆ ಹೋಯಿತು.

“ಹಂಗಾದ್ರ ಅಜ್ಜಾರ, ಸಂಜಿ ಜಪದಾಗ ನಿದ್ದಿ ಬಂದ್ರ?”

ಅಜ್ಜಾರು ಕೊಪ್ಪರಿಗೆಯೊಳಗೆ ಸೌಟು ಆಡಿಸುತ್ತಾ ಹೇಳಿದರು:

“ಮಲಗು. ಎದ್ದ ಮ್ಯಾಲ ಮತ್ತ ಹಚ್ಚಿದರಾತು.”