ಮನೆಗೊಂದು ಎಲೆ

“ಅಜ್ಜಾರೇ, ಹರಕೆ ಹೊತ್ತವನು ನಾನು. ಉರುಳುವವನು ಕೂಲಿಯವನು. ಪುಣ್ಯ ಯಾರಿಗೆ ಬರುತ್ತದೆ?”

ಹೀಗೆ ಕೇಳಿದವನು ಎಣ್ಣೆಗಾಣದ ಹಾಲಪ್ಪ. ನನ್ನ ಶಿಷ್ಯರಲ್ಲೆಲ್ಲ ತೂಕದವನು. ಅವನು ಜಗಲಿಯ ಮೇಲೆ ಕೂತರೆ ಉಳಿದವರು ನಿಂತಿರಬೇಕು. ಅವನ ಮಗಳು ಹನ್ನೊಂದು ದಿನ ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಅವಳು ಎದ್ದು ಕೂತರೆ ಗುಡಿಯ ಸುತ್ತ ಉರುಳುಸೇವೆ ಮಾಡುತ್ತೇನೆ ಎಂದು ಹಾಲಪ್ಪ ಹರಕೆ ಹೊತ್ತ. ಮಗಳು ಎದ್ದು ಕೂತಳು. ಆಮೇಲೆ ಅವನಿಗೆ ತನ್ನ ಹೊಟ್ಟೆಯೂ ಗುಡಿಯ ಸುತ್ತಿನ ಕಲ್ಲುಗಳೂ ನೆನಪಾದವು. ನೆರೆಯೂರಿಗೆ ಹೋಗಿ ಒಬ್ಬ ಸಣಕಲು ಆಳನ್ನು ಗೊತ್ತುಮಾಡಿ ಬಂದಿದ್ದ. ಆ ಆಳು ಎಲ್ಲೂ ತಡೆಯದೆ ಒನಕೆಯಂತೆ ಉರುಳುತ್ತಾನಂತೆ.

ನನ್ನ ಬಳಿ ಪ್ರಶ್ನೆ ತಂದು ಬರಿಗೈಯಲ್ಲಿ ಹೋದವರು ಈ ಸೀಮೆಯಲ್ಲಿ ಒಬ್ಬರೂ ಇಲ್ಲ. ಕೂತುಕೋ ಎಂದೆ. ಉಳಿದವರು ಎದ್ದು ನಿಂತರು. ಕತೆ ಹೇಳಿದೆ.

ಒಂದು ಕೋಟೆಯೂರು ಇತ್ತು. ಅದರ ಗೋಡೆ ಎಷ್ಟು ಎತ್ತರವೆಂದರೆ, ಬುಡದಿಂದ ಹಾರಿದ ಪಾರಿವಾಳ ತುದಿ ಮುಟ್ಟುವ ಮೊದಲು ನಡುವೆ ಒಂದು ಸಲ ಗೂಡು ಕಟ್ಟಿ ಮೊಟ್ಟೆಯಿಡುತ್ತಿತ್ತು. ಇದು ನನ್ನ ಮುತ್ತಾತ ಕಣ್ಣಾರೆ ಕಂಡದ್ದು. ಊರಿನ ರಾಜ ತೀರಿಹೋಗಿದ್ದ. ಏಳು ಜನ ಮಂತ್ರಿಗಳು ಕೂಡಿ ಆಳುತ್ತಿದ್ದರು. ದಂಡಿಗೆ ಒಬ್ಬ ದಂಡನಾಯಕನಿದ್ದ.

ಆ ಊರಿಗೆ ಒಂದು ರೂಢಿ. ಶತ್ರು ಬಂದನೆಂದು ತಿಳಿದರೆ ದಂಡನಾಯಕ ವೀಳ್ಯದ ತಟ್ಟೆ ಹಿಡಿದು ಬೀದಿ ಬೀದಿ ನಡೆಯುತ್ತಿದ್ದ. ಊರಲ್ಲಿ ಮುನ್ನೂರು ಮನೆ, ತಟ್ಟೆಯಲ್ಲಿ ಮುನ್ನೂರು ಎಲೆ. ಮನೆಗೊಬ್ಬರು ಹೊರಗೆ ಬಂದು ಒಂದು ಎಲೆ ಎತ್ತಿ, ಅಡಿಕೆ ಸುಣ್ಣ ಸೇರಿಸಿ ಬಾಯಿಗಿಟ್ಟುಕೊಳ್ಳಬೇಕು. ಬಾಯಿ ಕೆಂಪಾದವರು ಶತ್ರು ಹಿಂದಿರುಗುವ ತನಕ ಕೋಟೆಗೋಡೆ ಬಿಟ್ಟು ಕದಲುವಂತಿಲ್ಲ. ಕುಂಬಾರನೂ ಹಾಗೆಯೇ, ಶ್ಯಾನುಭೋಗನೂ ಹಾಗೆಯೇ. ಹೀಗೆ ಆ ಊರು ನೂರು ವರ್ಷ ತನ್ನನ್ನು ತಾನು ಕಾಯ್ದುಕೊಂಡಿತ್ತು.

ಒಂದು ವರ್ಷದ ಯುದ್ಧದಲ್ಲಿ ಒಂಬತ್ತು ಜನ ಸತ್ತರು. ಮಂತ್ರಿಗಳು ಸಭೆ ಸೇರಿದರು. ನಮ್ಮ ಜನ ಯಾಕೆ ಸಾಯಬೇಕು, ಮೂಡಣ ಬೆಟ್ಟದಾಚೆ ಯುದ್ಧವನ್ನೇ ಕಸುಬು ಮಾಡಿಕೊಂಡ ಬಾಡಿಗೆ ದಂಡಿದೆ, ಅದನ್ನು ಕರೆಸೋಣ ಎಂದು ಪ್ರಧಾನಿ ಹೇಳಿದ. ಆರು ಜನ ತಲೆಯಾಡಿಸಿದರು. ದಂಡನಾಯಕ ಒಬ್ಬನೇ ಒಪ್ಪಲಿಲ್ಲ. ಸತ್ತ ಒಂಬತ್ತು ಜನರ ಮನೆಗೂ ಹೋಗಿ ಬಂದವನು ನಾನು, ಅವರ ನೋವು ನನಗೂ ಗೊತ್ತು, ಆದರೂ ಇದು ಬೇಡ ಎಂದ. ಯಾಕೆ ಬೇಡ ಎಂದು ಕೇಳಿದರೆ ಅವನಿಗೆ ಬಿಡಿಸಿ ಹೇಳಲು ಬರಲಿಲ್ಲ. ಅವನು ಕತ್ತಿಯ ಮನುಷ್ಯ, ಮಾತಿನವನಲ್ಲ. ಮಂತ್ರಿಗಳು ಏಳು ಜನ, ಏಳು ಜನರೂ ಮಾತಿನವರು.

ಬಾಡಿಗೆ ದಂಡು ಬಂತು. ಐನೂರು ಜನ. ಒಬ್ಬೊಬ್ಬನ ಮೀಸೆಯ ಮೇಲೆ ಎರಡೆರಡು ನಿಂಬೆಹಣ್ಣು ನಿಲ್ಲುತ್ತಿದ್ದವು. ಅವರ ನಾಯಕನ ಮೀಸೆಯ ಮೇಲೆ ತೆಂಗಿನಕಾಯಿಯೇ ನಿಲ್ಲುತ್ತಿತ್ತು. ಊರಿನ ಪರವಾಗಿ ವೀಳ್ಯವನ್ನು ಆ ನಾಯಕನಿಗೆ ಕೊಡು ಎಂದು ಮಂತ್ರಿಗಳು ದಂಡನಾಯಕನಿಗೆ ಅಪ್ಪಣೆ ಮಾಡಿದರು. ಈ ತಟ್ಟೆ ಮನೆಯ ಬಾಗಿಲಿಗೆ ಹೋಗುವ ತಟ್ಟೆ, ಬಾಡಿಗೆಯವನ ಮುಂದೆ ಹಿಡಿಯಲಾರೆ ಎಂದು ಅವನು ತಟ್ಟೆಯನ್ನು ನೆಲದ ಮೇಲಿಟ್ಟ. ಪ್ರಧಾನಿ ಅದನ್ನು ಸೇವಕನ ಕೈಯಲ್ಲಿ ಎತ್ತಿಸಿದ. ಬಾಡಿಗೆ ನಾಯಕ ಮುನ್ನೂರು ಮನೆಯ ಮುನ್ನೂರು ಎಲೆಯನ್ನೂ ಒಂದೇ ಸಲಕ್ಕೆ ಬಾಯಿಗೆ ತುರುಕಿಕೊಂಡ. ಮೂರು ದಿನ ಅಗಿದ. ಅವನು ಉಗುಳಿದ ಜಾಗದಲ್ಲಿ ಇಂದಿಗೂ ಮಣ್ಣು ಕೆಂಪಾಗಿಯೇ ಇದೆ. ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗಿ ಊಟ ಮಾಡಿದರು.

ಆ ವರ್ಷ ಊರು ಗೆದ್ದಿತು. ಯಾರೂ ಸಾಯಲಿಲ್ಲ. ಮರುವರ್ಷ ಸೋತಿತು, ಶತ್ರುವಿಗೆ ಹತ್ತು ಬಂಡಿ ಭತ್ತ ಕೊಟ್ಟು ಕಳಿಸಿದರು. ಆಗಲೂ ಯಾರೂ ಸಾಯಲಿಲ್ಲ. ಅದರ ಮರುವರ್ಷ ಮತ್ತೆ ಗೆದ್ದರು, ಕೊಟ್ಟ ಭತ್ತ ವಾಪಸು ಬಂತು. ಹೀಗೆ ಇಪ್ಪತ್ತು ವರ್ಷ ನಡೆಯಿತು. ಜನರ ಮನೆಯ ಕತ್ತಿಗಳು ಹಲಸಿನಹಣ್ಣು ಕೊಯ್ಯುವ ಕೆಲಸಕ್ಕೆ ಬಿದ್ದವು.

ದಂಡನಾಯಕನಿಗೆ ಮಾತ್ರ ಊಟ ರುಚಿಸಲಿಲ್ಲ. ಒಂದು ವರ್ಷ ಯುದ್ಧ ನಡೆಯುವಾಗ ಮಧ್ಯಾಹ್ನ ಅವನೊಬ್ಬನೇ ಬಯಲಿಗೆ ಹೋದ. ಬಯಲಲ್ಲಿ ಯುದ್ಧವೇ ಇರಲಿಲ್ಲ. ಅಡುಗೆಯ ಹೊಗೆ ಇತ್ತು. ಒಂದು ಹುಣಸೆಮರದ ಕೆಳಗೆ ಊರಿನ ಬಾಡಿಗೆ ಸಿಪಾಯಿ ಒಬ್ಬ, ಶತ್ರುವಿನ ಸಿಪಾಯಿ ಒಬ್ಬನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ಕೀಳುತ್ತಿದ್ದ.

ಇದೇನಯ್ಯ ಎಂದು ದಂಡನಾಯಕ ಕೇಳಿದ.

“ಇವನು ನನ್ನ ಷಡ್ಡಕ, ಬುದ್ಧಿ,” ಎಂದು ಸಿಪಾಯಿ ತಲೆ ಎತ್ತದೆಯೇ ಹೇಳಿದ. “ಈ ವರ್ಷ ಓಡುವ ಸರದಿ ಇವರದು. ಮುಳ್ಳು ಕೀಳದಿದ್ದರೆ ಪಾಪ ಹೇಗೆ ಓಡಿಯಾನು?”

ದಂಡನಾಯಕ ಅಲ್ಲೇ ಕೂತು ಎಲ್ಲವನ್ನೂ ಕೇಳಿ ತಿಳಿದ. ಶತ್ರುವಿನ ಊರಿನವರೂ ಬಾಡಿಗೆ ದಂಡನ್ನೇ ಕರೆಸಿದ್ದರು. ಆ ದಂಡೂ ಬೆಟ್ಟದಾಚೆಯದೇ, ಅದರಲ್ಲೂ ಐನೂರು ಜನ. ಇವರ ಹೆಣ್ಣು ಅವರ ಮನೆಯಲ್ಲಿ, ಅವರ ಹೆಣ್ಣು ಇವರ ಮನೆಯಲ್ಲಿ. ಬೀಗರ ಮೇಲೆ ಕತ್ತಿ ಎತ್ತುವುದು ಅವರ ಕುಲಕ್ಕೆ ನಿಷಿದ್ಧ. ಹಾಗಾಗಿ ಬೆಳಗ್ಗೆ ಕಹಳೆ ಊದಿ ಕೂಗಾಡುತ್ತಿದ್ದರು, ಮಧ್ಯಾಹ್ನ ಒಟ್ಟಿಗೆ ಉಣ್ಣುತ್ತಿದ್ದರು, ಸಂಜೆ ಸರದಿಯವರು ಓಡುತ್ತಿದ್ದರು. ಆ ಬಯಲಲ್ಲಿ ಅಷ್ಟರೊಳಗೆ ಹನ್ನೆರಡು ಮದುವೆ ನಿಶ್ಚಯವಾಗಿದ್ದವು.

ದಂಡನಾಯಕ ನೇರವಾಗಿ ಸಭೆಗೆ ಬಂದು ಕಂಡದ್ದನ್ನು ಹೇಳಿದ. ಮಂತ್ರಿಗಳು ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದ. ಅವರು ನಕ್ಕರು.

“ನಮ್ಮವರೂ ಸಾಯಲಿಲ್ಲ, ಅವರೂ ಸಾಯಲಿಲ್ಲ,” ಎಂದ ಪ್ರಧಾನಿ. “ಇದಕ್ಕಿಂತ ಒಳ್ಳೆಯ ಯುದ್ಧ ಎಲ್ಲಿದೆ, ದಂಡನಾಯಕರೇ?”

“ಸ್ವಾಮಿ, ನಾಳೆ ಆ ಸಾವಿರ ಜನ ಮನೆಗೆ ಹೋಗುವುದಿಲ್ಲ ಎಂದು ಕೂತರೆ ಎಬ್ಬಿಸುವವರು ಯಾರು?”

ಪ್ರಧಾನಿಗೆ ಸಿಟ್ಟು ಬಂತು. ದಂಡನಾಯಕನ ಸೊಂಟದ ಕತ್ತಿ ಬಿಚ್ಚಿಸಿದ. ಅರಮನೆಯ ಹಿತ್ತಲಿನ ಕುಂಬಳದ ಬಳ್ಳಿ ಕಾಯುವ ಕೆಲಸ ಕೊಟ್ಟ. ದಂಡನಾಯಕ ಹೋಗಿ ಕುಂಬಳಕಾಯಿ ಬೆಳೆದ. ಎಂಥ ಕಾಯಿ ಬೆಳೆದನೆಂದರೆ, ಒಂದು ಕಾಯಿಯನ್ನು ಕೊರೆದು ಅದರೊಳಗೆ ಎರಡು ಎಮ್ಮೆ ಕಟ್ಟುತ್ತಿದ್ದರು.

ಅದಾದ ಮೂರನೆಯ ವರ್ಷ ಅವನು ಹೇಳಿದ್ದೇ ಆಯಿತು. ಎರಡು ಬಾಡಿಗೆ ದಂಡುಗಳೂ ಒಂದು ಮಧ್ಯಾಹ್ನ ಒಟ್ಟಿಗೆ ಉಂಡು ಕೈತೊಳೆದು ಯೋಚನೆ ಮಾಡಿದವು. ವರ್ಷ ವರ್ಷ ಬೆಟ್ಟ ಹತ್ತಿಳಿದು ಕಾಲು ಸವೆಯಿತು. ಈ ಊರಲ್ಲಿ ಕತ್ತಿ ಹಿಡಿಯುವ ಒಂದು ಕೈಯೂ ಇಲ್ಲ. ಮನೆಗಳು ಚೆನ್ನಾಗಿವೆ. ಹೀಗೆ ಮಾತಾಡಿಕೊಂಡು ಸಾವಿರ ಜನವೂ ಕೋಟೆಯ ಒಳಗೆ ಬಂದು ಅರಮನೆಯ ಅಂಗಳದಲ್ಲಿ ಕೂತರು. ಬಾಡಿಗೆ ನಾಯಕ ಡಂಗುರ ಹೊಡೆಸಿದ. ನಾಳೆ ಹೊತ್ತು ಮುಳುಗುವುದರೊಳಗೆ ಊರಿನವರೆಲ್ಲ ಮನೆ ಬಿಟ್ಟು ಕೋಟೆಯಿಂದ ಹೊರಗೆ ಹೋಗಬೇಕು. ಉಟ್ಟ ಬಟ್ಟೆ ಒಯ್ಯಬಹುದು. ಹಾಸಿಗೆಗಳನ್ನು ಹಾಸಿಯೇ ಹೋಗಬೇಕು.

ಏಳು ಜನ ಮಂತ್ರಿಗಳೂ ಕುಂಬಳದ ಹಿತ್ತಲಿಗೆ ಓಡಿದರು. ನಿನ್ನ ಕತ್ತಿ ತಗೋ, ಹೋಗಿ ಅವರನ್ನು ಓಡಿಸು ಎಂದರು. ದಂಡನಾಯಕ ಕತ್ತಿಯನ್ನು ಮುಟ್ಟಲಿಲ್ಲ. ನಾನೊಬ್ಬನೇ ಓಡಿಸಿದರೆ ನಾನೂ ನಿಮ್ಮ ಬಾಡಿಗೆಯವನೇ ಆದೆ, ವೀಳ್ಯದ ತಟ್ಟೆ ಎಲ್ಲಿದೆ ಎಂದು ಕೇಳಿದ. ಯಾರಿಗೂ ನೆನಪಿರಲಿಲ್ಲ. ಹುಡುಕಿದಾಗ ಪ್ರಧಾನಿಯ ಅಡುಗೆಮನೆಯಲ್ಲಿ ಸಿಕ್ಕಿತು. ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದರು.

ತಟ್ಟೆ ತೊಳೆದು ಮುನ್ನೂರು ಎಲೆ ಜೋಡಿಸಿ ದಂಡನಾಯಕ ಮೊದಲು ಪ್ರಧಾನಿಯ ಮುಂದೆಯೇ ಹಿಡಿದ. ಪ್ರಧಾನಿ, ತನಗೆ ರಟ್ಟೆ ನೋವು ಎಂದ. ದಂಡನಾಯಕ ತಟ್ಟೆ ಹಿಡಿದು ಬೀದಿಗಿಳಿದ. ಜನ ಬಾಗಿಲಿಗೆ ಬಂದರು, ತಟ್ಟೆ ನೋಡಿದರು, ನೆಲ ನೋಡಿದರು. ಒಬ್ಬ, ನನ್ನ ಅಪ್ಪನಾಗಿದ್ದರೆ ಎತ್ತುತ್ತಿದ್ದ ಎಂದ. ಇನ್ನೊಬ್ಬ, ಎಲೆ ಎತ್ತುವುದು ಎಡಗೈಯಲ್ಲೋ ಬಲಗೈಯಲ್ಲೋ ಎಂದು ಕೇಳಿ ಒಳಗೆ ಹೋದ. ನೂರು ಬಾಗಿಲು ಕಳೆದವು. ತಟ್ಟೆ ತುಂಬಿಯೇ ಇತ್ತು.

ನೂರೊಂದನೆಯದು ಮಜ್ಜಿಗೆ ಮಾರುವ ಮುದುಕಿಯ ಗುಡಿಸಲು. ಅವಳಿಗೆ ಎಂಬತ್ತೋ ತೊಂಬತ್ತೋ ವಯಸ್ಸು. ಹೊರಗೆ ಬಂದು ಎಲೆ ಎತ್ತಿಕೊಂಡಳು. ಆಮೇಲೆ ಅದನ್ನು ದಂಡನಾಯಕನ ಕೈಗೇ ಕೊಟ್ಟಳು.

“ಹಲ್ಲಿಲ್ಲ ಕಣಪ್ಪ. ಕುಟ್ಟಿ ಕೊಡು.”

ದಂಡನಾಯಕ ಬೀದಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಅವಳ ಕುಟ್ಟಾಣಿ ತೆಗೆದುಕೊಂಡು ಎಲೆ ಅಡಿಕೆ ಕುಟ್ಟತೊಡಗಿದ. ಟಕ್ ಟಕ್ ಎಂಬ ಸದ್ದು ಬೀದಿಗೆಲ್ಲ ಕೇಳಿತು. ಮುದುಕಿ, ಇನ್ನೂ ನುಣ್ಣಗಾಗಬೇಕು, ಸುಣ್ಣ ಸಾಲದು, ನಿನಗೆ ಮದುವೆಯಾಗಿದೆಯೋ ಇಲ್ಲವೋ, ನೀನು ಕುಟ್ಟುವುದು ನೋಡಿದರೆ ಅಡುಗೆಮನೆ ಕಂಡ ಹಾಗಿಲ್ಲ ಎಂದು ಬೈಯುತ್ತ ನಿಂತಳು. ಜನಕ್ಕೆ ನಗು ಬಂತು. ನಗುತ್ತ ಹತ್ತಿರ ಬಂದರು. ಹತ್ತಿರ ಬಂದವರು ನಾಚಿದರು. ಮುದುಕಿ ಕುಟ್ಟಿದ್ದನ್ನು ಬಾಯಿಗಿಟ್ಟುಕೊಳ್ಳುವ ಹೊತ್ತಿಗೆ ನೆಲದ ಮೇಲಿದ್ದ ತಟ್ಟೆಗೆ ಇನ್ನೂರು ಕೈ ಬಂದು ಹೋಗಿದ್ದವು. ಉಳಿದ ಮನೆಗಳವರೂ ಬಂದರು, ಪ್ರಧಾನಿಯ ಹೆಂಡತಿಯೂ ಬಂದಳು. ಎರಡು ಎಲೆ ಎತ್ತಿ, ಒಂದನ್ನು ತಾನು ಹಾಕಿಕೊಂಡು, ಇನ್ನೊಂದನ್ನು ಗಂಡನ ಬಾಯಿಗೆ ತುರುಕಿದಳು.

ಮಧ್ಯಾಹ್ನಕ್ಕೆ ಮುನ್ನೂರು ಕೆಂಪು ಬಾಯಿಗಳು ಅರಮನೆಯ ಅಂಗಳಕ್ಕೆ ನುಗ್ಗಿದವು. ಕೈಯಲ್ಲಿ ಹಲಸು ಕೊಯ್ಯುವ ಕತ್ತಿ, ಒನಕೆ, ನೊಗ, ಮಜ್ಜಿಗೆ ಕಡೆಯುವ ಕಡೆಗೋಲು. ಬಾಡಿಗೆಯವರು ಉಣ್ಣುತ್ತ ಕೂತಿದ್ದರು. ಎದ್ದು ಕತ್ತಿ ಹಿರಿಯಲು ಹೋದರು. ಇಪ್ಪತ್ತು ವರ್ಷದ ತುಕ್ಕಿಗೆ ಕತ್ತಿ ಒರೆಯಿಂದ ಬರಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಎರಡು ದಂಡೂ ಈಗ ಒಂದೇ ಪಕ್ಷ. ಓಡುವ ಸರದಿ ಯಾರದು ಎಂದು ತಿಳಿಯಲಿಲ್ಲ. ಹೋದ ವರ್ಷ ಓಡಿದವರು ನಾವು ಎಂದು ಇವರು, ಇಲ್ಲ, ಮಳೆ ಬಂದು ಆ ಓಟ ಅರ್ಧಕ್ಕೇ ನಿಂತಿತ್ತು, ಅದು ಲೆಕ್ಕಕ್ಕಿಲ್ಲ ಎಂದು ಅವರು. ಷಡ್ಡಕ ಷಡ್ಡಕನ ಜುಟ್ಟು ಹಿಡಿದ. ಈ ಜಗಳದ ನಡುವೆ ಮುದುಕಿಯ ಕಡೆಗೋಲು ನಾಯಕನ ನಡುನೆತ್ತಿಗೆ ಬಿತ್ತು. ಇಪ್ಪತ್ತು ವರ್ಷದಲ್ಲಿ ಆ ದಂಡಿಗೆ ಬಿದ್ದ ಮೊದಲನೆಯ ಪೆಟ್ಟು ಅದು. ನಾಯಕ ಓಡಿದ. ಅವನ ಹಿಂದೆ ಸಾವಿರ ಜನ ಸರದಿ ಕೇಳದೆ ಓಡಿದರು. ಓಡುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಎದ್ದ ಧೂಳು ಎರಡು ತಿಂಗಳು ಆಕಾಶದಲ್ಲೇ ನಿಂತು, ಆ ವರ್ಷ ಹುಂಜಗಳು ಬೆಳಗಾದದ್ದು ತಿಳಿಯದೆ ಕೂಗುವುದನ್ನೇ ಬಿಟ್ಟವು.

ಮಂತ್ರಿಗಳು ದಂಡನಾಯಕನಿಗೆ ಕತ್ತಿಯನ್ನು ಹಿಂದಕ್ಕೆ ಕೊಟ್ಟರು. ಅವನು ಇಸಿದುಕೊಂಡ. ನೀನು ಹೇಳಿದ್ದು ಸರಿಯಾಗಿತ್ತು ಎಂದು ಮಾತ್ರ ಅವರು ಹೇಳಲಿಲ್ಲ. ಅವನೂ ಕೇಳಲಿಲ್ಲ. ಅವನು ಇನ್ನೊಂದನ್ನು ಗಮನಿಸುತ್ತಿದ್ದ.

ಇಪ್ಪತ್ತು ವರ್ಷದಲ್ಲಿ ಆ ಊರು ಹತ್ತು ಸಲ ಗೆದ್ದಿತ್ತು. ಆ ಹತ್ತು ಗೆಲುವಿನ ಬಗ್ಗೆ ಒಬ್ಬರ ಬಳಿಯೂ ಹೇಳಲು ಒಂದು ಮಾತಿರಲಿಲ್ಲ. ಗೆದ್ದೆವಂತೆ ಎನ್ನುತ್ತಿದ್ದರು, ಉಂಡು ಮಲಗುತ್ತಿದ್ದರು. ಈಗ ಆ ಊರಲ್ಲಿ ಯಾರ ಬಾಯಿಯೂ ಸುಮ್ಮನಿರಲಿಲ್ಲ. ಕುಂಬಾರ ತಾನು ನಾಲ್ವರನ್ನು ಕೆಡವಿದ್ದು ಹೇಳಿದ. ಪ್ರಧಾನಿ ರಟ್ಟೆ ನೋವಿನಲ್ಲೇ ಏಳು ಜನರನ್ನು ಅಟ್ಟಿದ್ದು ಹೇಳಿದ. ಮುದುಕಿ ಮೊದಲ ವಾರ ಒಬ್ಬನಿಗೆ ಹೊಡೆದಿದ್ದಳು. ಯುಗಾದಿಯ ಹೊತ್ತಿಗೆ ಅದು ನಲವತ್ತಾಗಿತ್ತು. ನನ್ನ ಮುತ್ತಾತನ ಕಾಲಕ್ಕೆ ಅದರಲ್ಲಿ ಎರಡು ಆನೆಗಳೂ ಸೇರಿದ್ದವು. ನಾನು ಸುಳ್ಳು ಸೇರದಂತೆ ಆನೆಗಳನ್ನು ಬಿಟ್ಟು ಹೇಳಿದ್ದೇನೆ.

ಹೀಗೆ ಕತೆ ಮುಗಿಸಿದೆ.

ಹಾಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಜಗಲಿ ಅಲುಗಾಡಿತು. ನಕ್ಕು ಮುಗಿದ ಮೇಲೆ ಕಣ್ಣು ಒರೆಸಿಕೊಂಡು, ಅಜ್ಜಾರೇ, ಕತೆ ಬಹಳ ಚೆನ್ನಾಗಿದೆ, ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ, ಅವನು ಉರುಳಿದರೆ ಪುಣ್ಯ ನನಗೆ ಬರುತ್ತದೆಯೋ ಇಲ್ಲವೋ ಎಂದ.

ಅದಕ್ಕೆ ನಾನು ಒಂದೇ ಮಾತು ಕೇಳಿದೆ. ಅವನು ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡ.

“ಹಾಲಪ್ಪ, ಹನ್ನೆರಡನೆಯ ದಿನ ನಿನ್ನ ಮಗಳು ಕಣ್ಣು ಬಿಟ್ಟು ಅಪ್ಪಾ ಎಂದಾಗ, ಓಗೊಟ್ಟವನು ಯಾರು?”